ವಿದೇಶಿ ಪತಿ ಅಥವಾ ಪತ್ನಿಯೊಡನೆ ಸ್ವಂತ ಊರಿಗೆ ಮರಳುವವರಿಗೆ ಮಾಹಿತಿ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ

ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ವಿದೇಶದಲ್ಲಿ ನೆಲೆಸಿದ ಭಾರತೀಯರು ಅಲ್ಲಿನ ಪ್ರಜೆಯೊಬ್ಬರೊಡನೆ ಸಂಸಾರ ಹೂಡಿ, ಕೆಲವು ವರ್ಷಗಳ ನಂತರ ಇಬ್ಬರೂ ಕೂಡಿ ಸ್ವಂತ ಊರಿಗೆ ಮರಳಲು ಇಚ್ಛಿಸುವುದುಂಟು. ಇಂತಹ ಕುಟುಂಬಗಳು ಅನುಸರಿಸಬೇಕಾದ ಕ್ರಮವನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದ ಅಂಶ

ವಿದೇಶದಲ್ಲಿ ಕೂಡಿ ಬಾಳಿದ ವರ್ಷಗಳು ಎಷ್ಟೇ ಇರಲಿ, ಭಾರತದ ಕಾನೂನಿನಲ್ಲಿ ಅವುಗಳಿಗೆ ಪ್ರತ್ಯೇಕ ಎಣಿಕೆ ಇರುವುದಿಲ್ಲ. ಭಾರತೀಯ ಪ್ರಜೆಯ ಪತಿ ಅಥವಾ ಪತ್ನಿ ಎಂಬ ನೆಲೆಯಲ್ಲಿ ವೀಸಾ ಪಡೆಯಲು ವಿವಾಹ ಪ್ರಮಾಣಪತ್ರ ಬೇಕಾಗುತ್ತದೆ. ಓಸಿಐ ಎಂದೇ ರೂಢಿಯಲ್ಲಿರುವ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ ಅರ್ಜಿ ಸಲ್ಲಿಸಲು ವಿವಾಹವು ನೋಂದಣಿಯಾಗಿ, ಅರ್ಜಿಯ ದಿನಾಂಕಕ್ಕೆ ಮುಂಚೆ ಕನಿಷ್ಠ 2 ವರ್ಷ ನಿರಂತರವಾಗಿ ಊರ್ಜಿತದಲ್ಲಿರತಕ್ಕದ್ದು.

ಉದಾಹರಣೆಗೆ, ದಂಪತಿಗಳು 2015 ರಿಂದ ವಿದೇಶದಲ್ಲಿ ಒಟ್ಟಿಗೆ ವಾಸವಿದ್ದು, ಊರಿಗೆ ಬಂದ ಮೇಲೆ 2024 ರಲ್ಲಿ ವಿವಾಹವಾಗಿ ನೋಂದಣಿ ಮಾಡಿಸಿದರೆ, ಎರಡು ವರ್ಷಗಳ ಅವಧಿ ಆರಂಭವಾಗುವುದು 2024 ರಿಂದಲೇ. ಅದೇ ದಂಪತಿಗಳು 2020 ರಲ್ಲಿ ವಿದೇಶದಲ್ಲಿಯೇ ವಿವಾಹವನ್ನು ನೋಂದಾಯಿಸಿದ್ದರೆ 2022 ರಲ್ಲಿಯೇ ಅರ್ಜಿ ಸಲ್ಲಿಸಲು ಅರ್ಹರಾಗುತ್ತಿದ್ದರು. ಆದ್ದರಿಂದ ಪ್ರಯಾಣದ ದಿನವನ್ನು ಗೊತ್ತುಪಡಿಸುವ ಮೊದಲು ವಿವಾಹದ ನೋಂದಣಿಯನ್ನು ಪೂರ್ಣಗೊಳಿಸುವುದು ಹಿತಕರ.

1. ವಿವಾಹದ ನೋಂದಣಿ

ಅ) ವಿದೇಶದಲ್ಲಿ ಇರುವಾಗಲೇ: ಇಬ್ಬರಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದಲ್ಲಿ 1969 ರ ವಿದೇಶಿ ವಿವಾಹ ಅಧಿನಿಯಮದನ್ವಯ ಆ ದೇಶದ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ವಿವಾಹ ಅಧಿಕಾರಿಯ ಸಮಕ್ಷಮ ವಿವಾಹವಾಗಬಹುದು. ಆ ದೇಶದ ಕಾನೂನಿನ ಪ್ರಕಾರ ಈಗಾಗಲೇ ವಿವಾಹವಾಗಿದ್ದಲ್ಲಿ ಅದೇ ಅಧಿನಿಯಮದ 17 ನೇ ಪ್ರಕರಣದಡಿ ನೋಂದಣಿಗೆ ಅರ್ಜಿ ಸಲ್ಲಿಸಬಹುದು.

ವಿದೇಶಿ ಪ್ರಾಧಿಕಾರವು ನೀಡಿದ ಪ್ರಮಾಣಪತ್ರವನ್ನು ಭಾರತದಲ್ಲಿ ಹಾಜರುಪಡಿಸಬೇಕಾದಾಗ ಅದಕ್ಕೆ ದೃಢೀಕರಣ ಅವಶ್ಯ. ಹೇಗ್ ಅಪೊಸ್ಟಿಲ್ ಒಪ್ಪಂದವು ಭಾರತದ ಮಟ್ಟಿಗೆ 2005 ರಿಂದ ಜಾರಿಯಲ್ಲಿದೆ. ಆ ಒಪ್ಪಂದಕ್ಕೆ ಸೇರಿದ ದೇಶದ ಪ್ರಮಾಣಪತ್ರಕ್ಕೆ ಅಲ್ಲಿನ ಅಪೊಸ್ಟಿಲ್ ಮುದ್ರೆ ಸಾಕಾಗುತ್ತದೆ. ಇತರ ದೇಶಗಳ ಪ್ರಮಾಣಪತ್ರಗಳನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ದೃಢೀಕರಿಸಿಕೊಳ್ಳತಕ್ಕದ್ದು. ಪ್ರಮಾಣಪತ್ರವು ಅನ್ಯ ಭಾಷೆಯಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದವನ್ನೂ ಪಡೆದಿರಬೇಕು. ಊರಿಗೆ ಮರಳಿದ ಮೇಲೆ ಈ ಕೆಲಸಕ್ಕಾಗಿ ಮತ್ತೆ ವಿದೇಶಕ್ಕೆ ಕಾಗದಪತ್ರ ಕಳುಹಿಸುವುದು ಬಹಳ ಕಾಲ ಹಿಡಿಯುತ್ತದೆ.

ಆ) ಊರಿಗೆ ಬಂದ ಮೇಲೆ: 1954 ರ ವಿಶೇಷ ವಿವಾಹ ಅಧಿನಿಯಮದಡಿ ವಿವಾಹವಾಗಲು ಅವಕಾಶವಿದೆ. ಇದಕ್ಕೆ ಉಪ ನೋಂದಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸು ನೀಡುವ ದಿನಾಂಕಕ್ಕೆ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸು ಪ್ರಕಟವಾದ ನಂತರ ಆಕ್ಷೇಪಣೆಗಾಗಿ ಮತ್ತೆ 30 ದಿನಗಳ ಕಾಲಾವಕಾಶವಿದೆ. ಆ ಬಳಿಕ ಮೂವರು ಸಾಕ್ಷಿದಾರರ ಸಮಕ್ಷಮ ವಿವಾಹ ನೆರವೇರುತ್ತದೆ. ನೋಟಿಸು ನೀಡಿದ 3 ತಿಂಗಳೊಳಗೆ ವಿವಾಹ ನೆರವೇರದಿದ್ದಲ್ಲಿ ಹೊಸದಾಗಿ ನೋಟಿಸು ನೀಡತಕ್ಕದ್ದು.

ಇಬ್ಬರೂ ಒಂದೇ ದಿನ ಊರಿಗೆ ಬಂದರೆ ಒಟ್ಟು 60 ದಿನಗಳಿಗೂ ಹೆಚ್ಚು ಕಾಲ ಬೇಕಾಗುವುದರಿಂದ 30 ದಿನಗಳ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಅವಧಿ ಸಾಲದು. ಭಾರತೀಯ ಸಂಗಾತಿಯು ಒಂದು ತಿಂಗಳು ಮುಂಚಿತವಾಗಿ ಬಂದು ಊರಿನಲ್ಲಿ ವಾಸವಿದ್ದರೆ ಮೊದಲ 30 ದಿನಗಳ ನಿಬಂಧನೆ ಅಷ್ಟರಲ್ಲಿ ಪೂರ್ಣಗೊಂಡಿರುತ್ತದೆ. ವಿದೇಶಿ ಸಂಗಾತಿಯು ತಾವು ಅವಿವಾಹಿತರು, ಅಥವಾ ವಿವಾಹಕ್ಕೆ ಯಾವ ಅಡ್ಡಿಯೂ ಇಲ್ಲ ಎಂಬ ಬಗ್ಗೆ ತಮ್ಮ ದೇಶದ ಪ್ರಾಧಿಕಾರದಿಂದ ಪಡೆದ ಪ್ರಮಾಣಪತ್ರವನ್ನು ಜೊತೆಗೆ ತರುವುದು ಅವಶ್ಯ.

ಇ) ಶಾಸ್ತ್ರೋಕ್ತವಾಗಿ ಮದುವೆಯಾಗಿ ನೋಂದಣಿ ಮಾತ್ರ ಉಳಿದಿದ್ದಲ್ಲಿ: ವಿಶೇಷ ವಿವಾಹ ಅಧಿನಿಯಮದ 15 ನೇ ಪ್ರಕರಣದಡಿ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಮದುವೆಯಾದಂದಿನಿಂದ ಸತಿಪತಿಗಳಾಗಿ ಬಾಳುತ್ತಿರಬೇಕು. ಇಬ್ಬರಿಗೂ 21 ವರ್ಷ ತುಂಬಿರಬೇಕು. ಇಬ್ಬರೂ ಅರ್ಜಿಗೆ ಮುಂಚೆ 30 ದಿನ ಜಿಲ್ಲೆಯಲ್ಲಿ ವಾಸವಿರಬೇಕು. ಇಲ್ಲಿಯೂ 30 ದಿನಗಳ ಸಾರ್ವಜನಿಕ ನೋಟಿಸು ಇರುತ್ತದೆ.

ಈ) ಹಿಂದಿನ ವಿವಾಹವಿದ್ದಲ್ಲಿ: ವಿಚ್ಛೇದನದ ಡಿಕ್ರಿ ಅಥವಾ ಹಿಂದಿನ ಪತಿ/ಪತ್ನಿಯ ಮರಣ ಪ್ರಮಾಣಪತ್ರ ಹಾಜರುಪಡಿಸಬೇಕು. ಭಾರತದಲ್ಲಿ ಹಿಂದೂ ವಿವಾಹ ಕಾಯಿದೆಯಂತೆ ನಡೆದ ಮದುವೆಗೆ ವಿದೇಶಿ ನ್ಯಾಯಾಲಯವು ನೀಡಿದ ವಿಚ್ಛೇದನ ಎಲ್ಲ ಸಂದರ್ಭಗಳಲ್ಲಿಯೂ ಇಲ್ಲಿ ಮಾನ್ಯವಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1991 ರಲ್ಲಿ ತೀರ್ಪು ನೀಡಿದೆ. ಅಂಥವರು ಮರುವಿವಾಹಕ್ಕೆ ಮೊದಲು ಕಾನೂನು ಸಲಹೆ ಪಡೆಯತಕ್ಕದ್ದು.

2. ವೀಸಾ ಮತ್ತು ನೋಂದಣಿ

ವಿವಾಹ ಪ್ರಮಾಣಪತ್ರ ಹೊಂದಿದ ವಿದೇಶಿ ಪತಿ/ಪತ್ನಿಯು ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಎಕ್ಸ್ ವರ್ಗದ ಎಂಟ್ರಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. ಬೇರೆ ವೀಸಾದಲ್ಲಿ ಬಂದು ಇಲ್ಲಿ ಭಾರತೀಯ ಪ್ರಜೆಯನ್ನು ವಿವಾಹವಾದವರು ವೀಸಾ ಪರಿವರ್ತನೆಗೆ ಕೋರಬಹುದು. ಆದರೆ ಮಂಜೂರಾತಿಯು ಪರಿಶೀಲನೆಗೆ ಒಳಪಟ್ಟಿದ್ದು, ವೀಸಾ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿರಬೇಕು.

ವಿದೇಶಿಯರ ಪ್ರವೇಶ ಮತ್ತು ವಾಸದ ವಿಷಯವು 2025 ರ ಸೆಪ್ಟೆಂಬರ್ 1 ರಿಂದ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025 ಕ್ಕೆ ಒಳಪಟ್ಟಿದೆ. 1939 ರ ವಿದೇಶಿಯರ ನೋಂದಣಿ ಅಧಿನಿಯಮ ಹಾಗೂ 1946 ರ ವಿದೇಶಿಯರ ಅಧಿನಿಯಮ ರದ್ದಾಗಿವೆ. ನೋಂದಣಿ ಕಡ್ಡಾಯವೆಂದು ವೀಸಾದಲ್ಲಿ ನಮೂದಾಗಿದ್ದಲ್ಲಿ ಆಗಮಿಸಿದ 14 ದಿನಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಕರ್ನಾಟಕದ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯು ಬೆಂಗಳೂರಿನಲ್ಲಿದ್ದು, ಈ ತಾಲ್ಲೂಕುಗಳಿಂದ 500 ಕಿ.ಮೀ. ಆಸುಪಾಸಿನ ದೂರದಲ್ಲಿದೆ. 2018 ರಿಂದ ದೇಶದಾದ್ಯಂತ ಇರುವ ಇ-ಎಫ್‌ಆರ್‌ಆರ್‌ಓ ಅಂತರ್ಜಾಲ ವ್ಯವಸ್ಥೆಯ ಮೂಲಕ ನೋಂದಣಿ, ಅವಧಿ ವಿಸ್ತರಣೆ ಮತ್ತು ವೀಸಾ ಪರಿವರ್ತನೆಯ ಅರ್ಜಿಗಳನ್ನು ಊರಿನಿಂದಲೇ ಸಲ್ಲಿಸಬಹುದು. ಕರೆದಾಗ ಮಾತ್ರ ಖುದ್ದಾಗಿ ಹಾಜರಾಗಬೇಕು.

ಅವಧಿ ಮೀರಿ ತಂಗಿದವರು ದಂಡಕ್ಕೆ ಗುರಿಯಾಗುವುದಲ್ಲದೆ ದೇಶ ಬಿಡಲು ನಿರ್ಗಮನ ಅನುಮತಿ ಪಡೆಯಬೇಕಾಗುತ್ತದೆ. ಮುಂದಿನ ಅರ್ಜಿಗಳಿಗೂ ಇದು ತೊಡಕಾಗಬಹುದು.

3. ವಿಳಾಸ ಮತ್ತು ಹೆಸರಿನ ಬಗ್ಗೆ ಎಚ್ಚರಿಕೆ

ದಾಖಲೆಗಳಲ್ಲಿನ ವ್ಯತ್ಯಾಸಗಳು ವಿಳಂಬಕ್ಕೆ ಕಾರಣವಾಗುತ್ತವೆ. ಬಿಜಾಪುರ ಎಂಬ ಹೆಸರು 2014 ರ ನವೆಂಬರ್ 1 ರಿಂದ ವಿಜಯಪುರ ಎಂದು ಬದಲಾಗಿದೆ. ಹಳೆಯ ಪಾಸ್‌ಪೋರ್ಟ್ ಮತ್ತು ಶಾಲಾ ದಾಖಲೆಗಳಲ್ಲಿ ಹಿಂದಿನ ಹೆಸರೇ ಇರಬಹುದು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಅರ್ಜಿಯಲ್ಲಿ ಈಗಿನ ತಾಲ್ಲೂಕು ಮತ್ತು ಜಿಲ್ಲೆಯನ್ನೇ ಬರೆದು, ಹಳೆಯ ದಾಖಲೆಯಲ್ಲಿ ಭಿನ್ನ ಹೆಸರಿದ್ದಲ್ಲಿ ವಿವರಣೆಯನ್ನು ಲಗತ್ತಿಸುವುದು ಸೂಕ್ತ.

ಈ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು ಮತ್ತು ಅಡ್ಡಹೆಸರು ಮೂರನ್ನೂ ಬರೆಯುವ ರೂಢಿ ಇದೆ. ವಿದೇಶಿ ವಿವಾಹ ಪ್ರಮಾಣಪತ್ರದಲ್ಲಿ ಇವುಗಳಲ್ಲಿ ಒಂದು ಬಿಟ್ಟುಹೋದರೂ ಪರಿಶೀಲನೆಯ ವೇಳೆ ಪ್ರಶ್ನೆ ಏಳುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ನಮೂದಾಗಿರುವುದನ್ನು ಪ್ರಮಾಣಪತ್ರ ಪಡೆಯುವಾಗಲೇ ಖಚಿತಪಡಿಸಿಕೊಳ್ಳಬೇಕು.

4. ಓಸಿಐ ಕಾರ್ಡ್

ನೋಂದಾಯಿತ ವಿವಾಹಕ್ಕೆ 2 ವರ್ಷ ತುಂಬಿದ ಮೇಲೆ 1955 ರ ಪೌರತ್ವ ಅಧಿನಿಯಮದ 7ಎ ಪ್ರಕರಣದಡಿ ಅರ್ಜಿ ಸಲ್ಲಿಸಬಹುದು. ಸಕ್ಷಮ ಪ್ರಾಧಿಕಾರದಿಂದ ಪೂರ್ವಭಾವಿ ಭದ್ರತಾ ಪರಿಶೀಲನೆ ನಡೆಯುತ್ತದೆ. ಕಾರ್ಡ್ ಪಡೆದವರಿಗೆ ಅನೇಕ ಬಾರಿ ಪ್ರವೇಶಿಸಬಹುದಾದ ಆಜೀವ ವೀಸಾ ಸೌಲಭ್ಯ ದೊರೆಯುತ್ತದೆ. ವಾಸದ ಅವಧಿ ಎಷ್ಟೇ ಇದ್ದರೂ ಪೊಲೀಸ್ ನೋಂದಣಿ ಬೇಕಿಲ್ಲ.

ಆದರೆ ಈ ಕಾರ್ಡ್ ಪೌರತ್ವವಲ್ಲ. ಮತದಾನದ ಹಕ್ಕು ಇಲ್ಲ, ಶಾಸನಸಭೆಗಳಿಗೆ ಸ್ಪರ್ಧಿಸುವಂತಿಲ್ಲ. ಕೃಷಿ ಜಮೀನು, ತೋಟ ಅಥವಾ ತೋಟದ ಮನೆಯನ್ನು ಖರೀದಿಸುವಂತಿಲ್ಲ. ನಿಂಬೆ ಮತ್ತು ದ್ರಾಕ್ಷಿ ಬೆಳೆಯುವ ಈ ಪ್ರದೇಶದಲ್ಲಿ ಹೊಲ ಕೊಂಡು ವಿದೇಶಿ ಪತ್ನಿ ಅಥವಾ ಪತಿಯ ಹೆಸರನ್ನೂ ಸೇರಿಸಲು ಬಯಸುವ ಕುಟುಂಬಗಳು ಇದನ್ನು ಗಮನಿಸಬೇಕು.

ವಿವಾಹದ ಆಧಾರದ ಮೇಲೆ ಕಾರ್ಡ್ ಪಡೆದವರು ಪ್ರತಿ ಬಾರಿ ಹೊಸ ಪಾಸ್‌ಪೋರ್ಟ್ ಪಡೆದಾಗ ಅದರ ಪ್ರತಿ, ಭಾವಚಿತ್ರ ಹಾಗೂ ವಿವಾಹ ಊರ್ಜಿತದಲ್ಲಿದೆ ಎಂಬ ಘೋಷಣೆಯನ್ನು ಅಂತರ್ಜಾಲದಲ್ಲಿ ಸಲ್ಲಿಸಬೇಕು. ವಿವಾಹವು ನ್ಯಾಯಾಲಯದಿಂದ ವಿಸರ್ಜಿತವಾದರೆ ಕಾರ್ಡ್ ರದ್ದತಿಗೆ ಒಳಪಡುತ್ತದೆ. ಸ್ವತಃ ತಾವು, ಅಥವಾ ತಂದೆತಾಯಿ, ಅಜ್ಜಅಜ್ಜಿಯರು ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದಲ್ಲಿ ಈ ಕಾರ್ಡಿಗೆ ಅರ್ಹತೆ ಇರುವುದಿಲ್ಲ.

5. ಪೌರತ್ವ

ಭಾರತೀಯ ಪ್ರಜೆಯನ್ನು ವಿವಾಹವಾದವರು ಭಾರತದಲ್ಲಿ 7 ವರ್ಷ ವಾಸವಿದ್ದ ನಂತರ 5(1)(ಸಿ) ಪ್ರಕರಣದಡಿ ನೋಂದಣಿಯ ಮೂಲಕ ಪೌರತ್ವ ಕೋರಬಹುದು. ಅರ್ಜಿಗೆ ನಿಕಟಪೂರ್ವದ 12 ತಿಂಗಳು ಪೂರ್ಣವಾಗಿ, ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷ ಭಾರತದಲ್ಲಿ ವಾಸವಿರಬೇಕು. ಪರದೇಶದ ವಾಸ ಈ ಲೆಕ್ಕಕ್ಕೆ ಬರುವುದಿಲ್ಲ.

5(1)(ಜಿ) ಪ್ರಕರಣದಡಿ ಇನ್ನೊಂದು ಮಾರ್ಗವಿದೆ. ಓಸಿಐ ಕಾರ್ಡುದಾರರಾಗಿ 5 ವರ್ಷ ಪೂರೈಸಿ, ಅರ್ಜಿಗೆ ಮುಂಚೆ 12 ತಿಂಗಳು ಭಾರತದಲ್ಲಿ ವಾಸವಿದ್ದವರು ಇದರಡಿ ಅರ್ಜಿ ಸಲ್ಲಿಸಬಹುದು. ಮೊದಲೇ ವಿವಾಹ ನೋಂದಾಯಿಸಿ ವಿದೇಶದಲ್ಲಿಯೇ ಕಾರ್ಡ್ ಪಡೆದ ಕುಟುಂಬಕ್ಕೆ ಈ ಮಾರ್ಗದಿಂದ ಹಲವು ವರ್ಷಗಳ ಉಳಿತಾಯವಾಗುತ್ತದೆ. ಅಂತರ್ಜಾಲದಲ್ಲಿ ಅರ್ಜಿ ಭರ್ತಿ ಮಾಡಿದ ಮೇಲೆ ಜಿಲ್ಲಾಧಿಕಾರಿಗಳ ಮುಖಾಂತರ ಪರಿಶೀಲನೆ ನಡೆಯುತ್ತದೆ. ಭಾರತವು ಉಭಯ ಪೌರತ್ವವನ್ನು ಮಾನ್ಯ ಮಾಡದಿರುವುದರಿಂದ ಹಿಂದಿನ ಪೌರತ್ವವನ್ನು ತ್ಯಜಿಸಬೇಕಾಗುತ್ತದೆ. ಪೌರತ್ವ ಪಡೆಯುವುದು ಕಡ್ಡಾಯವಲ್ಲ. ಅದು ಅವರವರ ಇಚ್ಛೆಗೆ ಬಿಟ್ಟದ್ದು.

6. ವಿದೇಶದಲ್ಲಿ ಜನಿಸಿದ ಮಕ್ಕಳು

ತಂದೆ ಅಥವಾ ತಾಯಿ ಭಾರತೀಯ ಪ್ರಜೆಯಾಗಿದ್ದಲ್ಲಿ, ಮಗು ಜನಿಸಿದ 1 ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಬೇಕು. ಮಗುವು ಅನ್ಯ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ಪೋಷಕರು ಘೋಷಿಸಬೇಕು. ಅವಧಿ ಮೀರಿದಲ್ಲಿ ಕೇಂದ್ರ ಸರ್ಕಾರದ ಅನುಮತಿ ಅವಶ್ಯವಾಗುತ್ತದೆ. ಮಗುವಿಗೆ ಈಗಾಗಲೇ ವಿದೇಶಿ ಪಾಸ್‌ಪೋರ್ಟ್ ಪಡೆದಿದ್ದರೆ, ಅದರ ವೀಸಾ ಅಥವಾ ಓಸಿಐ ಕಾರ್ಡಿಗೆ ಪ್ರತ್ಯೇಕ ಅರ್ಜಿ ಬೇಕು.

ಹೊರಡುವ ಮೊದಲು ಪರಿಶೀಲಿಸಬೇಕಾದ ದಾಖಲೆಗಳು

• ವಿವಾಹ ಪ್ರಮಾಣಪತ್ರ, ದೃಢೀಕರಣ ಮತ್ತು ಅನುವಾದ
• ಇಬ್ಬರ ಪಾಸ್‌ಪೋರ್ಟ್ ಮತ್ತು ಜನನ ಪ್ರಮಾಣಪತ್ರ
• ಹಿಂದಿನ ವಿವಾಹವಿದ್ದಲ್ಲಿ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ
• ಮಕ್ಕಳ ಜನನ ನೋಂದಣಿ ಪತ್ರ
• ಊರಿನ ಮನೆಯ ವಿಳಾಸದ ಪುರಾವೆ

ವಿಶೇಷ ಸೂಚನೆ: ವೀಸಾ, ನೋಂದಣಿ ಮತ್ತು ಓಸಿಐ ಅರ್ಜಿಗಳನ್ನು ಅರ್ಜಿದಾರರು ಸ್ವತಃ ಅಂತರ್ಜಾಲದ ಮೂಲಕ ಭರ್ತಿ ಮಾಡಬಹುದು, ಮಧ್ಯವರ್ತಿಗಳ ಅವಶ್ಯಕತೆ ಇಲ್ಲ. ಮೂಲ ಪಾಸ್‌ಪೋರ್ಟನ್ನು ಅನಧಿಕೃತ ವ್ಯಕ್ತಿಗಳ ವಶಕ್ಕೆ ಕೊಡಬಾರದು. ಶುಲ್ಕ ಮತ್ತು ನಮೂನೆಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ಸಲ್ಲಿಸುವ ದಿನ ಕೇಂದ್ರ ಗೃಹ ಸಚಿವಾಲಯದ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳುವುದು. ವಿವಾಹ ನೋಂದಣಿಯ ವಿಷಯದಲ್ಲಿ ಹೆಚ್ಚಿನ ಮಾಹಿತಿಗೆ ಸಂಬಂಧಿಸಿದ ಉಪ ನೋಂದಣಾಧಿಕಾರಿಗಳನ್ನು, ಪೌರತ್ವದ ವಿಷಯದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.