ಇಲ್ಲದ ತಂತಿಯ ಜಾಲ

ಬೀರುವಿನೆತ್ತರದ ಹಳೆಯ ಮಿನಿಕಂಪ್ಯೂಟರುಗಳನ್ನು ಇಂದಿನ ಲ್ಯಾಪ್‌ಟಾಪಿನೊಳಗೆ ತಂತ್ರಾಂಶದ ರೂಪದಲ್ಲಿ ಓಡಿಸಿ, ಹಾಗೆ ಓಡುವ ಯಂತ್ರಗಳನ್ನು ಒಂದರೊಡನೊಂದು ಮಾತಾಡಿಸುವುದು ಹಲವು ದೇಶಗಳ ಕಂಪ್ಯೂಟರ್‌ಪ್ರಿಯರು ಬೆಳೆಸಿಕೊಂಡಿರುವ ಹವ್ಯಾಸ. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಡೆಕ್ ಕಂಪನಿಯ ಯಂತ್ರಗಳು.

ಡೆಕ್ 1957ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಊರಿನ ಹಳೆಯ ಉಣ್ಣೆ ಗಿರಣಿಯಲ್ಲಿ ಆರಂಭವಾಯಿತು. 1965ರಲ್ಲಿ ಬಂದ ಅದರ ಪಿಡಿಪಿ-8ರ ಬೆಲೆ 18,000 ಡಾಲರ್. ದೊಡ್ಡ ಮೇನ್‌ಫ್ರೇಮ್‌ಗಳನ್ನು ಬಾಡಿಗೆಗೆ ಪಡೆಯುತ್ತಿದ್ದ ಕಾಲದಲ್ಲಿ ಒಂದು ಪ್ರಯೋಗಾಲಯವೋ ಕಾರ್ಖಾನೆಯೋ ತನ್ನದೇ ಕಂಪ್ಯೂಟರ್ ಇಟ್ಟುಕೊಳ್ಳಲು ಇದು ದಾರಿಮಾಡಿತು. 1970ರಲ್ಲಿ ಪಿಡಿಪಿ-11, 1977ರಲ್ಲಿ ವ್ಯಾಕ್ಸ್-11/780 ಬಂದವು. 1998ರಲ್ಲಿ ಕಾಂಪ್ಯಾಕ್ ಡೆಕ್ಕನ್ನು ಕೊಂಡಿತು. 2002ರಲ್ಲಿ ಕಾಂಪ್ಯಾಕ್ ಕೂಡ ಎಚ್‌ಪಿಯ ಪಾಲಾಯಿತು. ಉಳಿದಿರುವ ಅಸಲಿ ಯಂತ್ರಗಳನ್ನು ಮನೆಯಲ್ಲಿ ನಡೆಸುವುದು ಕಷ್ಟ: ಜಾಗ ಬೇಕು, ಧಾರಾಳ ವಿದ್ಯುತ್ ಬೇಕು, ಸಿಗದ ಬಿಡಿಭಾಗಗಳೂ ಬೇಕು. ಎಮ್ಯುಲೇಟರಿಗೆ ಇವು ಯಾವುದರ ಗೊಡವೆಯೂ ಇಲ್ಲ.

ಎಮ್ಯುಲೇಟರ್ ಎಂದರೆ ಹಳೆಯ ಪ್ರೊಸೆಸರಿನ ಒಂದೊಂದು ಆದೇಶವನ್ನೂ ಓದಿ, ಅದು ಮಾಡಬೇಕಾಗಿದ್ದುದನ್ನೇ ಮಾಡಿ ತೋರಿಸುವ ಪ್ರೋಗ್ರಾಂ. ಡಿಸ್ಕು, ಟೇಪು, ಟರ್ಮಿನಲ್ಲುಗಳ ವೇಷವನ್ನೂ ಅದೇ ಹಾಕುತ್ತದೆ. ಈ ಬಗೆಯವುಗಳಲ್ಲಿ ಹೆಸರಾದದ್ದು ಸಿಮ್‌ಎಚ್. ಡೆಕ್‌ನಲ್ಲಿ ಹಿರಿಯ ಹುದ್ದೆಯಲ್ಲಿದ್ದ ಬಾಬ್ ಸುಪ್ನಿಕ್ 1993ರಲ್ಲಿ ಇದನ್ನು ಬರೆಯಲು ತೊಡಗಿದರು. ಯಾವ ಮಾದರಿಯ ಯಂತ್ರ, ಎಷ್ಟು ಮೆಮೊರಿ, ಯಾವ ಡಿಸ್ಕ್ ಎಂಬುದನ್ನು ಹತ್ತಾರು ಸಾಲುಗಳ ಒಂದು ಕಡತದಲ್ಲಿ ಬರೆದುಕೊಟ್ಟರೆ ಯಂತ್ರ ಏಳುತ್ತದೆ. ಡಿಸ್ಕ್ ಎನ್ನುವುದೂ ಲ್ಯಾಪ್‌ಟಾಪಿನಲ್ಲಿರುವ ಒಂದು ಕಡತವೇ. ಇಷ್ಟನ್ನು ಹೊಸಬರೂ ಒಂದು ಸಂಜೆಯಲ್ಲಿ ಮಾಡಿಮುಗಿಸಬಹುದು. ಆದರೆ ಒಂಟಿ ಯಂತ್ರ ಬೇಗ ಬೇಸರ ತರಿಸುತ್ತದೆ. ಹತ್ತಾರು ಜನ ಏಕಕಾಲಕ್ಕೆ ಬಳಸಲೆಂದು ಕಟ್ಟಿದ ವ್ಯವಸ್ಥೆಯ ಮುಂದೆ ಒಬ್ಬರೇ ಕೂತು ಕಡತಗಳ ಪಟ್ಟಿ ನೋಡುವುದರಲ್ಲಿ ಏನು ಸ್ವಾರಸ್ಯವಿದೆ? ಜಾಲಕ್ಕೆ ಸೇರಿದ ಮೇಲೆಯೇ ಅದರ ವಿನ್ಯಾಸದ ಹಿರಿಮೆ ಕಾಣಿಸತೊಡಗುತ್ತದೆ.

ಡೆಕ್ ತನ್ನ ಯಂತ್ರಗಳಿಗಾಗಿಯೇ ರೂಪಿಸಿದ ಜಾಲವ್ಯವಸ್ಥೆಯ ಹೆಸರು ಡೆಕ್‌ನೆಟ್. 1970ರ ದಶಕದ ನಡುವೆ ಪಿಡಿಪಿ-11ಗಳನ್ನು ಜೋಡಿಸುವುದರಿಂದ ಆರಂಭವಾದ ಇದು ಹಂತಹಂತವಾಗಿ ಬೆಳೆಯಿತು. ಮೂರನೆಯ ಹಂತದಲ್ಲಿ 255 ಯಂತ್ರಗಳ ಮಿತಿ ಇತ್ತು. ಈಥರ್ನೆಟ್ಟನ್ನು ಒಳಗೊಂಡ ನಾಲ್ಕನೆಯ ಹಂತ 1980ರ ದಶಕದ ಮೊದಲ ವರ್ಷಗಳಲ್ಲಿ ಬಂತು. ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಇದನ್ನೇ. ಇಲ್ಲಿ ಪ್ರತಿ ಯಂತ್ರಕ್ಕೂ ಎರಡು ಭಾಗದ ವಿಳಾಸ. ಮೊದಲನೆಯದು 1ರಿಂದ 63ರವರೆಗಿನ ವಲಯ ಸಂಖ್ಯೆ, ಎರಡನೆಯದು 1ರಿಂದ 1023ರವರೆಗಿನ ಯಂತ್ರ ಸಂಖ್ಯೆ. ಇಡೀ ಜಾಲದಲ್ಲಿ ಹಿಡಿಯುವುದು ಹೆಚ್ಚೆಂದರೆ 64,449 ಯಂತ್ರಗಳು. ಅಂದಿಗೆ ಅದು ಯಾರೂ ತುಂಬಲಾರದಷ್ಟು ದೊಡ್ಡ ಸಂಖ್ಯೆಯಾಗಿ ಕಂಡಿರಬೇಕು. ಆದರೆ ಡೆಕ್ ಕಂಪನಿಯ ಒಳಜಾಲವೇ ಅದಕ್ಕೆ ಹತ್ತಿರ ಬೆಳೆಯಿತು.

ಇಲ್ಲದ ತಂತಿಯನ್ನು ಇದೆಯೆಂದು ನಂಬಿಸುವುದೇ ಈ ಹವ್ಯಾಸದ ಮುಖ್ಯ ಕೈಚಳಕ. ಒಳಗೆ ಓಡುವ ಹಳೆಯ ಕಾರ್ಯಾಚರಣೆ ವ್ಯವಸ್ಥೆಗೆ ತಾನು ಎಮ್ಯುಲೇಟರಿನಲ್ಲಿ ಇರುವುದು ತಿಳಿಯದು. ಅದು ತನಗೆ ಗೊತ್ತಿರುವ ಕಾರ್ಡನ್ನೇ ಹುಡುಕುತ್ತದೆ. ಆದ್ದರಿಂದ ಸಿಮ್‌ಎಚ್ ಆ ಕಾಲದ ಕಾರ್ಡುಗಳನ್ನೇ ಅನುಕರಿಸುತ್ತದೆ. ಇವುಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಡಿಎಂಸಿ-11 ಎಂಬ ಸೀರಿಯಲ್ ಕಾರ್ಡು. ಇದು ಎರಡೇ ಯಂತ್ರಗಳನ್ನು ನೇರ ತಂತಿಯಿಂದ ಜೋಡಿಸುತ್ತಿತ್ತು. ಈಗ ಆ ತಂತಿಯ ಜಾಗದಲ್ಲಿ ಅಂತರ್ಜಾಲದ ಒಂದು ಸಾಮಾನ್ಯ ಟಿಸಿಪಿ ಸಂಪರ್ಕ ನಿಲ್ಲುತ್ತದೆ. ಒಂದು ಕಡೆ ಇನ್ನೊಂದರ ವಿಳಾಸ ಮತ್ತು ಪೋರ್ಟ್ ಸಂಖ್ಯೆ, ಆ ಕಡೆ ಇದರದು, ಅಷ್ಟೆ. ತಾಪತ್ರಯ ಕಡಿಮೆಯಾದ್ದರಿಂದ ಮೊದಲ ಪ್ರಯೋಗಕ್ಕೆ ಇದೇ ಒಳ್ಳೆಯದು. ಇನ್ನೊಂದು, ಡೆಕ್ಯೂಎನ್ಎಯಂಥ ಈಥರ್ನೆಟ್ ಕಾರ್ಡು. ಸಿಮ್‌ಎಚ್ ಇದನ್ನು ಲ್ಯಾಪ್‌ಟಾಪಿನ ನಿಜವಾದ ಈಥರ್ನೆಟ್ ಕಿಂಡಿಗೆ ಅಂಟಿಸಿ, ಅಲ್ಲಿ ಹಾದುಹೋಗುವ ಪ್ಯಾಕೆಟ್ಟುಗಳನ್ನು ಲಿಬ್‌ಪಿಕ್ಯಾಪ್ ಎಂಬ ತಂತ್ರಾಂಶದ ಮೂಲಕ ಹೆಕ್ಕಿಕೊಳ್ಳುತ್ತದೆ. ತೊಡಕುಗಳೆಲ್ಲ ಶುರುವಾಗುವುದು ಇಲ್ಲಿ.

ಮೊದಲ ತೊಡಕು ವಿಳಾಸದ್ದು. ಈಥರ್ನೆಟ್ ಕಾರ್ಡಿಗೆ ಕಾರ್ಖಾನೆಯಲ್ಲೇ ಒಂದು ಗುರುತುಸಂಖ್ಯೆ ಬರೆದಿರುತ್ತದೆ. ಉಳಿದ ಜಾಲಗಳು ಅದನ್ನೇ ಬಳಸಿದರೆ ಡೆಕ್‌ನೆಟ್ ಅದನ್ನು ಬದಿಗಿಟ್ಟು ತನ್ನದನ್ನು ಬಳಸುತ್ತದೆ. ಲೆಕ್ಕ ಸರಳ: ವಲಯ ಸಂಖ್ಯೆಯನ್ನು 1024ರಿಂದ ಗುಣಿಸಿ, ಯಂತ್ರ ಸಂಖ್ಯೆಯನ್ನು ಕೂಡಿಸಿ, ಬಂದದ್ದನ್ನು ಹದಿನಾರರ ಪದ್ಧತಿಯಲ್ಲಿ ಬರೆದು, ಎರಡು ಬೈಟುಗಳನ್ನು ಅದಲುಬದಲು ಮಾಡಬೇಕು. 2.1 ಎಂಬ ವಿಳಾಸಕ್ಕೆ 2049 ಬರುತ್ತದೆ, ಹದಿನಾರರ ಪದ್ಧತಿಯಲ್ಲಿ ಅದು 0801, ತಿರುಗಿಸಿದರೆ 01-08. ಇದರ ಮೊದಲಿಗೆ ಡೆಕ್‌ನ ಎಎ-00-04-00 ಸೇರಿಸಿದರೆ ಕಾರ್ಡಿನ ಹೊಸ ಗುರುತು ಎಎ-00-04-00-01-08. ವಿಳಾಸ ಗೊತ್ತಿದ್ದರೆ ಕಾರ್ಡಿನ ಗುರುತೂ ಗೊತ್ತು. ಬೇರೆ ಯಂತ್ರಗಳನ್ನು ಕೇಳಿ ತಿಳಿಯುವ ಕೆಲಸವೇ ಇಲ್ಲ. ಆ ಕಾಲಕ್ಕೆ ಇದು ಜಾಣತನ. ಇಂದಿನ ಮನೆಯ ವೈಫೈಗೆ ಮಾತ್ರ ಇದು ಒಗ್ಗುವುದಿಲ್ಲ. ತನ್ನಲ್ಲಿ ನೋಂದಾಯಿಸಿಕೊಂಡ ಗುರುತಿನಿಂದ ಬಂದ ಪ್ಯಾಕೆಟ್ಟನ್ನು ಮಾತ್ರ ವೈಫೈ ಪೆಟ್ಟಿಗೆ ಒಪ್ಪುತ್ತದೆ. ಡೆಕ್‌ನೆಟ್ಟಿನ ಹೊಸ ಗುರುತು ಅದರ ಕಣ್ಣಿಗೆ ಆಗಂತುಕ. ಎಲ್ಲ ಸರಿಯಿದ್ದೂ ಪಕ್ಕದ ಯಂತ್ರ ಕಾಣಿಸದಿದ್ದರೆ ಅನುಭವಿಗಳು ಮೊದಲು ಕೇಳುವ ಪ್ರಶ್ನೆ ಒಂದೇ: ವೈಫೈಯೋ, ಕೇಬಲ್ಲೋ?

ಎರಡನೆಯದು, ಎಮ್ಯುಲೇಟರ್ ಓಡುತ್ತಿರುವ ಲ್ಯಾಪ್‌ಟಾಪೂ ಅದರೊಳಗಿನ ಹಳೆಯ ಯಂತ್ರವೂ ಒಂದೇ ಕಿಂಡಿಯನ್ನು ಹಂಚಿಕೊಂಡಾಗ ಬರುವುದು. ಹಳೆಯ ಯಂತ್ರ ಹೊರಗಿನವರೊಂದಿಗೆ ಸಲೀಸಾಗಿ ಮಾತಾಡುತ್ತದೆ, ತನ್ನನ್ನು ಹೊತ್ತಿರುವ ಲ್ಯಾಪ್‌ಟಾಪಿನೊಂದಿಗೆ ಮಾತ್ರ ಆಗುವುದಿಲ್ಲ. ಹೊರಗೆ ಕಳಿಸಿದ ಪ್ಯಾಕೆಟ್ ಅದೇ ಕಿಂಡಿಯಿಂದ ಒಳಗೆ ಮರಳದಿರುವುದೇ ಕಾರಣ. ಲಿನಕ್ಸ್‌ನಲ್ಲಿ ಟ್ಯಾಪ್ ಎಂಬ ಕಾಲ್ಪನಿಕ ಈಥರ್ನೆಟ್ ಕಿಂಡಿಯೊಂದನ್ನು ಮಾಡಿ, ಅದನ್ನೂ ಅಸಲಿ ಕಿಂಡಿಯನ್ನೂ ಒಂದು ಬ್ರಿಜ್ಜಿಗೆ ಜೋಡಿಸಿದರೆ ಇದು ನೀಗುತ್ತದೆ.

ತಂತಿ ಸಿದ್ಧವಾದ ಮೇಲೆ ಉಳಿದದ್ದು ಹೆಚ್ಚೇನಲ್ಲ. ವ್ಯಾಕ್ಸ್‌ನ ವಿಎಂಎಸ್ ವ್ಯವಸ್ಥೆಯಲ್ಲಿ ನೆಟ್‌ಕಾನ್ಫಿಗ್ ಎಂಬ ಸಿದ್ಧ ಕಡತವಿದೆ. ಅದು ಯಂತ್ರದ ಹೆಸರನ್ನೂ ವಿಳಾಸವನ್ನೂ ಕೇಳಿ ಡೆಕ್‌ನೆಟ್ಟನ್ನು ಅಣಿಗೊಳಿಸುತ್ತದೆ. ಹೆಸರು ಆರು ಅಕ್ಷರ ಮೀರುವಂತಿಲ್ಲ. ಟಿಸಿಪಿಯೂ ಬೇಕಿದ್ದರೆ ಡೆಕ್‌ನೆಟ್ಟನ್ನು ಮೊದಲು ಏಳಿಸಬೇಕು; ಕಾರ್ಡಿನ ಗುರುತು ನಡುವೆ ಬದಲಾದರೆ ಇನ್ನೊಂದು ಜಾಲ ತಬ್ಬಿಬ್ಬಾಗುತ್ತದೆ. ಆಮೇಲಿನದು ಸುಖದ ಭಾಗ. 'ಸೆಟ್ ಹೋಸ್ಟ್' ಎಂದು ಪಕ್ಕದ ಯಂತ್ರದ ಹೆಸರು ಬರೆದರೆ ಅಲ್ಲಿಗೆ ಲಾಗಿನ್ ಆಗಬಹುದು. ಯಾವುದೇ ಕಡತದ ಹೆಸರಿನ ಮುಂದೆ ಯಂತ್ರದ ಹೆಸರನ್ನೂ ಎರಡು ವಿವರಣ ಚಿಹ್ನೆಗಳನ್ನೂ ಇಟ್ಟರೆ, ದೂರದ ಕಡತ ತನ್ನದೇ ಡಿಸ್ಕಿನಲ್ಲಿ ಇರುವಂತೆ ತೆರೆದುಕೊಳ್ಳುತ್ತದೆ. ಇಳಿಸಿಕೊಳ್ಳಲು ಬೇರೆ ಪ್ರೋಗ್ರಾಂ ಬೇಡ. 'ಫೋನ್' ಎಂಬ ಸೌಲಭ್ಯ ಪರದೆಯನ್ನು ಎರಡಾಗಿ ಸೀಳಿ, ಆ ಕಡೆಯವರು ಒತ್ತುವ ಒಂದೊಂದು ಅಕ್ಷರವನ್ನೂ ತಿದ್ದುಪಡಿ ಸಹಿತ ತೋರಿಸುತ್ತದೆ. ಇಂದಿನ ಚಾಟ್‌ಗಳಲ್ಲಿ ಇಲ್ಲದ ಸಲಿಗೆ ಇದರಲ್ಲಿದೆ ಎನ್ನಬೇಕು.

ಇನ್ನೂ ಮುಂದೆ ಹೋಗುವವರು ಎರಡು ವ್ಯಾಕ್ಸ್‌ಗಳನ್ನು ಕ್ಲಸ್ಟರ್ ಮಾಡುತ್ತಾರೆ. ಆಗ ಎರಡೂ ಸೇರಿ ಒಂದೇ ಡಿಸ್ಕ್, ಒಂದೇ ಬಳಕೆದಾರರ ಪಟ್ಟಿ ಇಟ್ಟುಕೊಳ್ಳುತ್ತವೆ. ಕ್ಲಸ್ಟರಿನಲ್ಲಿ ಯಂತ್ರಗಳಿಗೆ ಮತದಾನದ ಹಕ್ಕಿದೆ: ನಿರೀಕ್ಷಿತ ಒಟ್ಟು ಮತಕ್ಕೆ ಎರಡು ಕೂಡಿಸಿ ಅರ್ಧ ಮಾಡಿದಷ್ಟು ಮತ ಹಾಜರಿದ್ದರೆ ಮಾತ್ರ ಕೆಲಸ ಸಾಗುತ್ತದೆ. ಎರಡು ಯಂತ್ರಗಳಿಗೂ ಒಂದೊಂದು ಮತ ಕೊಟ್ಟರೆ ಬೇಕಾದ ಕೋರಂ ಎರಡು. ಒಂದನ್ನು ಆರಿಸಿದ ಕೂಡಲೇ ಇನ್ನೊಂದು ಅಲ್ಲಾಡದೆ ನಿಂತುಬಿಡುತ್ತದೆ. ಇದು ಕೆಟ್ಟದ್ದಲ್ಲ, ಕಾವಲು. ಪರಸ್ಪರ ಕಾಣದ ಎರಡು ಯಂತ್ರಗಳು ಒಂದೇ ಡಿಸ್ಕಿಗೆ ಬೇರೆಬೇರೆಯಾಗಿ ಬರೆದು ಹಾಳುಮಾಡದಿರಲೆಂದು ಈ ಏರ್ಪಾಡು.

ಮನೆಯ ಜಾಲ ದಾಟಿದವರಿಗೆ ಹೆಕ್‌ನೆಟ್ ಇದೆ. ಸ್ವೀಡನ್ ಮೂಲದ ಈ ಹವ್ಯಾಸಿ ಡೆಕ್‌ನೆಟ್ ಜಾಲಕ್ಕೆ ಹಲವು ದೇಶಗಳವರು ಯಂತ್ರಗಳನ್ನು ಜೋಡಿಸಿದ್ದಾರೆ. ಎಮ್ಯುಲೇಟರುಗಳ ಜೊತೆಗೆ ಅಸಲಿ ಪಿಡಿಪಿ, ವ್ಯಾಕ್ಸ್‌ಗಳೂ ಇವೆ. ಡೆಕ್‌ನೆಟ್ ಪ್ಯಾಕೆಟ್ ಇಂದಿನ ಅಂತರ್ಜಾಲದಲ್ಲಿ ನೇರವಾಗಿ ಸಾಗುವುದಿಲ್ಲ. ಹೀಗಾಗಿ ಒಂದು ಪುಟ್ಟ ಬ್ರಿಜ್ ಪ್ರೋಗ್ರಾಂ ಈಥರ್ನೆಟ್ ಪ್ಯಾಕೆಟ್ಟನ್ನು ಯುಡಿಪಿ ಲಕೋಟೆಯೊಳಗಿಟ್ಟು ಇನ್ನೊಂದು ತುದಿಗೆ ಕಳಿಸುತ್ತದೆ. ಅಲ್ಲಿ ಲಕೋಟೆ ಒಡೆದು ಸ್ಥಳೀಯ ಈಥರ್ನೆಟ್ಟಿಗೆ ಬಿಡಲಾಗುತ್ತದೆ. ಇಬ್ಬರು ಒಂದೇ ವಿಳಾಸ ಹಿಡಿದರೆ ಇಬ್ಬರೂ ಕೆಡುತ್ತಾರೆ, ಆದ್ದರಿಂದ ಸಂಖ್ಯೆಗಳನ್ನು ಮೊದಲೇ ಕೇಳಿ ಪಡೆಯುವುದು ಇಲ್ಲಿನ ರೂಢಿ.

ಸುರಕ್ಷತೆಯ ಮಾತು ಬೇರೆ. ಡೆಕ್‌ನೆಟ್ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಕಳಿಸುತ್ತದೆ, ಅಪರಿಚಿತರಿಗೂ ಅತಿಥಿ ಖಾತೆ ತೆರೆದಿಡುವ ಅಭ್ಯಾಸವೂ ಅದಕ್ಕಿತ್ತು. 1989ರ ಅಕ್ಟೋಬರಿನಲ್ಲಿ ವ್ಯಾಂಕ್ ಎಂಬ ವರ್ಮ್ ನಾಸಾದ ಸ್ಪ್ಯಾನ್ ಜಾಲದ ವಿಎಂಎಸ್ ಯಂತ್ರಗಳಲ್ಲಿ ಹರಡಿದ್ದು ಇಂಥ ಸಡಿಲಗಳಿಂದಲೇ. ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದ ಖಾತೆಗಳನ್ನು ಅದು ಹುಡುಕುತ್ತಿತ್ತು. ಆದ್ದರಿಂದ ಹವ್ಯಾಸಿಗಳು ಸಂಪರ್ಕವನ್ನು ವಿಪಿಎನ್ ಒಳಗೆ ಸಾಗಿಸುವುದುಂಟು.

ಕೊನೆಯದು ಪರವಾನಗಿಯ ಪ್ರಶ್ನೆ. ವಿಎಂಎಸ್‌ಗೆ ಹವ್ಯಾಸಿಗಳ ಉಚಿತ ಪರವಾನಗಿ 1997ರಿಂದ ಸಿಗುತ್ತಿತ್ತು. ಈ ವ್ಯವಸ್ಥೆಗೆ ಬೆಂಗಳೂರಿನ ನಂಟೂ ಇದೆ: 2009ರ ಸುಮಾರಿಗೆ ಎಚ್‌ಪಿ ಅದರ ಅಭಿವೃದ್ಧಿಯನ್ನು ಬೆಂಗಳೂರಿನ ತಂಡಕ್ಕೆ ವಹಿಸಿತ್ತು. 2014ರಲ್ಲಿ ಮುಂದಿನ ಆವೃತ್ತಿಗಳ ಹಕ್ಕು ವಿಎಂಎಸ್ ಸಾಫ್ಟ್‌ವೇರ್ ಎಂಬ ಅಮೆರಿಕದ ಕಂಪನಿಗೆ ಹೋಯಿತು. 2020ರಲ್ಲಿ ಹಳೆಯ ಹವ್ಯಾಸಿ ಯೋಜನೆ ನಿಂತಿತು. ಹೊಸ ಕಂಪನಿ ಬೇರೆ ಯೋಜನೆ ತಂದಿತಾದರೂ ಅದರಲ್ಲಿ ವ್ಯಾಕ್ಸ್ ಸೇರಿಲ್ಲ. ಲಿನಕ್ಸ್ ಕೂಡ 2022ರಲ್ಲಿ, ತನ್ನ 6.1ನೇ ಆವೃತ್ತಿಯಿಂದ, ಡೆಕ್‌ನೆಟ್ ಬೆಂಬಲವನ್ನು ಕೈಬಿಟ್ಟಿತು.

ಪರವಾನಗಿಯ ಗೋಜು ಬೇಡವೆನ್ನುವವರು ಯುನಿಕ್ಸ್‌ನತ್ತ ಹೋಗುತ್ತಾರೆ. ಹಳೆಯ ಯುನಿಕ್ಸ್ ಆವೃತ್ತಿಗಳನ್ನು ಕ್ಯಾಲ್ಡೆರಾ ಕಂಪನಿ 2002ರಲ್ಲಿ ಮುಕ್ತಗೊಳಿಸಿತು. ಪಿಡಿಪಿ-11ಕ್ಕಾಗಿ 1991ರಲ್ಲಿ ಹೊರಬಂದ 2.11 ಬಿಎಸ್‌ಡಿಯಲ್ಲಿ ಟಿಸಿಪಿ ಇರುವುದರಿಂದ ಅದು ಬ್ರಿಜ್ ಪ್ರೋಗ್ರಾಮಿನ ಹಂಗಿಲ್ಲದೆ ಇಂದಿನ ಯಂತ್ರಗಳೊಂದಿಗೂ ಮಾತಾಡುತ್ತದೆ. ಆದರೆ ಅದು ಬಲ್ಲದ್ದು ಟೆಲ್ನೆಟ್, ಎಫ್‌ಟಿಪಿಯಂಥ ಹಳೆಯ ಸೇವೆಗಳನ್ನು ಮಾತ್ರ. ಆ ಕಡೆಯ ಹೊಸ ಯಂತ್ರದಲ್ಲಿ ಇವುಗಳನ್ನು ಹುಡುಕಿ ಹಾಕಿಕೊಳ್ಳಬೇಕಾಗುತ್ತದೆ.