ಕಲ್ಪಿತ ಯಂತ್ರ: ಮನೆಯಲ್ಲಿಯೇ ಗಣಕವ್ಯವಸ್ಥೆಯ ನಿರ್ವಹಣೆಯನ್ನು ಕಲಿಯುವ ಬಗೆ

ಯಾವ ವಿದ್ಯೆಯೇ ಆಗಲಿ, ತಪ್ಪು ಮಾಡುವುದಕ್ಕೆ ಎಡೆಯಿಲ್ಲದ ಕಡೆ ಬೆಳೆಯಲಾರದು. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೂಲಿಮಠದ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯುತ್ತಿದ್ದರು. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಓಲೆಗರಿಯಲ್ಲಿ ಕೊರೆದುದನ್ನು ಅಳಿಸಲಾಗದು. ಆದಕಾರಣ ಕೈ ಪಳಗಿದ ಮೇಲೆಯೇ ಓಲೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಸಿದ್ಧಪಡಿಸುತ್ತಿದ್ದ ಕಡತದಲ್ಲಿ ಬಳಪದಿಂದ ಬರೆದು, ಬೇಡವಾದಾಗ ಒರಸಿ, ಪುನಃ ಬರೆಯಬಹುದಾಗಿತ್ತು. ಇಂದು ಗಣಕಯಂತ್ರದ ಫೈಲಿಗೆ ಕನ್ನಡದಲ್ಲಿ ಅದೇ ಕಡತವೆಂಬ ಹೆಸರು ಸಂದಿರುವುದು ಸ್ವಾರಸ್ಯಕರ.

ಗಣಕವ್ಯವಸ್ಥೆಯ ನಿರ್ವಹಣೆಯೆಂದರೆ ಬಳಕೆದಾರರಿಗೆ ಪ್ರವೇಶವನ್ನೂ ಅಧಿಕಾರವನ್ನೂ ಗೊತ್ತುಪಡಿಸುವುದು, ತಂತ್ರಾಂಶಗಳನ್ನು ಸ್ಥಾಪಿಸಿ ಕಾಲಕಾಲಕ್ಕೆ ಪರಿಷ್ಕರಿಸುವುದು, ಸಂಪರ್ಕಜಾಲವನ್ನು ಕಾಯುವುದು, ಮಾಹಿತಿಯ ಪ್ರತಿ ತೆಗೆದಿಡುವುದು, ಕೆಟ್ಟುದನ್ನು ಸರಿಪಡಿಸುವುದು. ಇದು ಓದಿನಿಂದ ಬರುವ ವಿದ್ಯೆಯಲ್ಲ, ಕೈಯಿಂದ ಬರುವ ವಿದ್ಯೆ. ಆದರೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಎಷ್ಟೋ ಮನೆಗಳಲ್ಲಿ ಇದ್ದರೆ ಒಂದೇ ಗಣಕಯಂತ್ರ. ಮನೆಮಂದಿಯ ಅರ್ಜಿ, ಲೆಕ್ಕ, ಛಾಯಾಚಿತ್ರಗಳೆಲ್ಲ ಅದರಲ್ಲಿಯೇ. ಅದನ್ನು ಕೆಡಿಸಿ ಕಲಿ ಎಂದು ಯಾವ ತಂದೆತಾಯಿಯೂ ಹೇಳಲಾರರು. ಶಾಲೆಯ ಪ್ರಯೋಗಶಾಲೆಯಲ್ಲಿಯೂ ಇದೇ ಭಯ. ಹೀಗೆ ಬುದ್ಧಿಯ ಕೊರತೆಯಿಂದಲ್ಲ, ಕೆಡಿಸುವ ಸ್ವಾತಂತ್ರ್ಯದ ಕೊರತೆಯಿಂದ ಜಾಣ ಮಕ್ಕಳೂ ಹೊಸ್ತಿಲಲ್ಲಿಯೇ ನಿಲ್ಲುತ್ತಾರೆ. ಈ ಕೊರತೆಯನ್ನು ನೀಗಬಲ್ಲ ಸಾಧನವೇ ವರ್ಚುಯಲ್ ಮಷೀನ್, ಅಂದರೆ ಕಲ್ಪಿತ ಯಂತ್ರ.

ವಿಜ್ಞಾನದ ಪಠ್ಯಗಳಲ್ಲಿ ಕನ್ನಡಿಯೊಳಗಣ ಬಿಂಬಕ್ಕೆ ಮಿಥ್ಯಾಬಿಂಬವೆಂಬ ಹೆಸರುಂಟು. ಅಲ್ಲಿಯೂ ಇಂಗ್ಲಿಷಿನ ಮೂಲಪದ ವರ್ಚುಯಲ್ ಎಂಬುದೇ. ಆದರೆ ಮಿಥ್ಯೆಯೆಂಬ ಮಾತು ಇಲ್ಲಿ ಒಪ್ಪದು. ಕನ್ನಡಿಯ ದೀಪದಿಂದ ಬತ್ತಿ ಹೊತ್ತಿಸಲಾಗದು. ಕಲ್ಪಿತ ಯಂತ್ರವಾದರೋ ನಿಜಯಂತ್ರ ಮಾಡುವ ಕೆಲಸವನ್ನೆಲ್ಲ ಮಾಡುತ್ತದೆ. ಅದಕ್ಕೆ ಬೇರೆ ಪೆಟ್ಟಿಗೆಯಿಲ್ಲ, ಅಷ್ಟೆ.

ಇದರ ಮರ್ಮವನ್ನು ಕಾವೇರಿ ಸೀಮೆಯವರಿಗೆ ತಿಳಿಸುವುದು ಸುಲಭ. ಚಾಮರಾಜ ನಾಲೆಯ ನೀರು ಒಂದೇ, ಗದ್ದೆಗಳು ಹಲವು. ನೀರುಗಂಟಿಯು ಸರದಿಯಂತೆ ಗದ್ದೆಗದ್ದೆಗೆ ನೀರು ಬಿಡುತ್ತಾನೆ. ಒಬ್ಬನ ಗದ್ದೆಯ ಬದು ಒಡೆದರೂ ನೆರೆಯವನ ಪೈರಿಗೆ ಕೇಡು ಬಾರದಂತೆ ನೋಡಿಕೊಳ್ಳುತ್ತಾನೆ. ಹಾಗೆಯೇ ಹೈಪರ್‌ವೈಸರ್ ಎಂಬ ತಂತ್ರಾಂಶವು ಒಂದೇ ಯಂತ್ರದ ಸಂಸ್ಕಾರಕ, ಸ್ಮೃತಿ, ಸಂಗ್ರಹಗಳನ್ನು ಹಲವು ಕಲ್ಪಿತ ಯಂತ್ರಗಳಿಗೆ ಹಂಚುತ್ತದೆ. ಪ್ರತಿಯೊಂದೂ ತಾನೇ ಪೂರ್ಣಯಂತ್ರವೆಂದು ಬಗೆದು ನಡೆಯುತ್ತದೆ. ಕಲ್ಪಿತ ಯಂತ್ರದ ಡಿಸ್ಕೆಂಬುದು ಆತಿಥೇಯ ಯಂತ್ರದಲ್ಲಿ ಒಂದು ದೊಡ್ಡ ಕಡತ ಮಾತ್ರ.

ಈ ಕಲ್ಪನೆ ಹೊಸತಲ್ಲ. ಅಮೆರಿಕದ ಕೇಂಬ್ರಿಡ್ಜಿನಲ್ಲಿ ಐ.ಬಿ.ಎಂ. ಸಂಸ್ಥೆಯ ತಜ್ಞರು ರೂಪಿಸಿದ ಸಿ.ಪಿ.-೪೦ ಎಂಬ ವ್ಯವಸ್ಥೆ ೧೯೬೭ರಲ್ಲಿ ಬಳಕೆಗೆ ಬಂದು, ಒಂದೇ ಯಂತ್ರದಲ್ಲಿ ೧೪ ಕಲ್ಪಿತ ಯಂತ್ರಗಳನ್ನು ನಡೆಸಿತು. ೧೯೭೨ರಲ್ಲಿ ಅದೇ ಸಂಸ್ಥೆ ವಿ.ಎಂ./೩೭೦ನ್ನು ಪ್ರಕಟಿಸಿತು. ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದಕ್ಕೆ ಶಾಸ್ತ್ರೀಯವಾದ ಲಕ್ಷಣ ಹೇಳಿದರು. ೧೯೯೯ರಲ್ಲಿ ವಿಎಂವೇರ್ ಸಂಸ್ಥೆಯ ತಂತ್ರಾಂಶದಿಂದ ಇದು ಮೇಜಿನ ಮೇಲಿನ ಸಾಮಾನ್ಯ ಗಣಕಕ್ಕೂ ಬಂದಿತು. ೨೦೦೭ರಲ್ಲಿ ಲಿನಕ್ಸಿನ ತಿರುಳಿನಲ್ಲಿಯೇ ಕೆ.ವಿ.ಎಂ. ಸೇರಿತು, ಅದೇ ವರ್ಷ ವರ್ಚುಯಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಇಂದು ಕ್ಲೌಡ್ ಎಂಬ ಹೆಸರಿನಿಂದ ಬಾಡಿಗೆಗೆ ದೊರೆಯುವ ಯಂತ್ರಗಳಲ್ಲಿ ಬಹುಪಾಲು ಕಲ್ಪಿತ ಯಂತ್ರಗಳೇ. ಆದ್ದರಿಂದ ಮನೆಯಲ್ಲಿ ಮಾಡಿದ ಅಭ್ಯಾಸವು ಉದ್ಯೋಗದಲ್ಲಿ ವ್ಯರ್ಥವಾಗದು.

ಅಭ್ಯಾಸಕ್ಕೆ ಬೇಕಾದುದು ಅಲ್ಪ. ೮ ಜಿ.ಬಿ. ಸ್ಮೃತಿಯುಳ್ಳ ಹಳೆಯ ಯಂತ್ರವಾದರೂ ಸಾಕು. ಮೊದಲು ಬಯಾಸ್‌ನಲ್ಲಿ ವರ್ಚುಯಲೈಸೇಷನ್ ಸೌಲಭ್ಯ ತೆರೆದಿದೆಯೇ ಎಂದು ನೋಡಬೇಕು. ಬಳಿಕ ವರ್ಚುಯಲ್‌ಬಾಕ್ಸನ್ನು ಸ್ಥಾಪಿಸಿ, ೨ ಜಿ.ಬಿ. ಸ್ಮೃತಿ, ೨೦ ಜಿ.ಬಿ. ಡಿಸ್ಕು ಕೊಟ್ಟು, ಬೆಲೆಯಿಲ್ಲದೆ ದೊರೆಯುವ ಡೆಬಿಯನ್ ಲಿನಕ್ಸನ್ನು ಹಾಕಬಹುದು. ಬಳಕೆದಾರರನ್ನು ಸೇರಿಸುವುದು, ಕಡತಗಳ ಅಧಿಕಾರವನ್ನು ನಿಯಮಿಸುವುದು, ದಿನಚರಿ ಕಡತಗಳನ್ನು ಓದುವುದು ಮೊದಲ ಪಾಠ. ಆಮೇಲೆ ಎರಡನೆಯ ಯಂತ್ರವನ್ನು ಕಟ್ಟಿ, ಎರಡನ್ನೂ ಒಳಜಾಲದಿಂದ ಕೂಡಿಸಿ, ಒಂದರಲ್ಲಿ ವೆಬ್ ಸರ್ವರ್ ನಡೆಸಿ, ಇನ್ನೊಂದರಿಂದ ಎಸ್.ಎಸ್.ಎಚ್. ಮೂಲಕ ಅದನ್ನು ಆಳುವುದು. ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲಿಯೂ ದೊರೆಯುವುದರಿಂದ ಭಾಷೆಯ ಅಡ್ಡಿಯೂ ಅಷ್ಟಿಲ್ಲ.

ನಿಜವಾದ ಕಲಿಕೆ ಮೊದಲಾಗುವುದು ಕೆಡಿಸುವುದರಿಂದ. ಸ್ನ್ಯಾಪ್‌ಷಾಟ್ ಎಂಬ ಸೌಲಭ್ಯವು ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆ. ಏನೇ ಕೆಟ್ಟರೂ ಅಲ್ಲಿಗೆ ಮರಳಬಹುದು. ಇದೇ ಮರಳಿನ ಮೇಲಣ ಅಂಗೈ. ಅದನ್ನು ತೆಗೆದಿಟ್ಟು ಎಫ್‌ಸ್ಟ್ಯಾಬ್ ಕಡತದಲ್ಲಿ ಬೇಕೆಂದೇ ತಪ್ಪು ಸಾಲು ಬರೆಯಲಿ, ಡಿಸ್ಕನ್ನು ತುಂಬಿಸಲಿ, ರೂಟ್ ಬಳಕೆದಾರನ ಗುಪ್ತಪದ ಮರೆತಂತೆ ನಡೆಯಲಿ. ಆದರೆ ಕೆಟ್ಟೊಡನೆ ಹಿಂದಿನ ಸ್ಥಿತಿಗೆ ಓಡುವವನು ಏನನ್ನೂ ಕಲಿಯಲಾರನು. ದಿನಚರಿ ಕಡತವನ್ನು ಓದಿ, ಕಾರಣವನ್ನು ಊಹಿಸಿ, ಸರಿಪಡಿಸಲು ಯತ್ನಿಸಿ, ಮಾಡಿದುದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು, ಸೋತಾಗ ಮಾತ್ರ ಹಿಂದಿರುಗಬೇಕು.

ಕೆಲವು ಎಚ್ಚರಿಕೆಗಳೂ ಅವಶ್ಯ. ಸ್ನ್ಯಾಪ್‌ಷಾಟ್ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕು ಹೋದರೆ ಎರಡೂ ಹೋದವು. ಮನೆಯ ಕಡತಗಳ ಪ್ರತಿ ಬೇರೆ ಕಡೆ ಇರಲೇಬೇಕು. ವಿದ್ಯುತ್ತು ಹಠಾತ್ತನೆ ನಿಂತರೆ ಕಲ್ಪಿತ ಡಿಸ್ಕೂ ಕೆಡಬಹುದು. ಕಲಿತ ವಿದ್ಯೆಯನ್ನು ಅನುಮತಿಯಿಲ್ಲದೆ ಪರರ ಯಂತ್ರದ ಮೇಲೆ ಪ್ರಯೋಗಿಸಲಾಗದು. ಧೂಳು, ಸಡಿಲವಾದ ತಂತಿ, ಕಾದ ಪಂಖ ಮೊದಲಾದ ನಿಜಯಂತ್ರದ ರೋಗಗಳನ್ನು ಕಲ್ಪಿತ ಯಂತ್ರ ಕಲಿಸದು. ಅದಕ್ಕೆ ಪೆಟ್ಟಿಗೆಯನ್ನು ಬಿಚ್ಚಿಯೇ ನೋಡಬೇಕು.

ಶಾಲೆಯ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ ಇಲ್ಲಿ ಸಲ್ಲಬಹುದಾದ ಸೇವೆ ದೊಡ್ಡದು, ವೆಚ್ಚ ಚಿಕ್ಕದು. ಕಚೇರಿಗಳಲ್ಲಿ ಮೂಲೆ ಸೇರಿದ ಯಂತ್ರಗಳಿಗೆ ಒಂದಿಷ್ಟು ಸ್ಮೃತಿ ಕೂಡಿಸಿದರೆ ಅವು ಅಭ್ಯಾಸಶಾಲೆಗಳಾಗುತ್ತವೆ. ಆದರೆ ಯಂತ್ರದಾನವೊಂದೇ ಸಾಲದು. ಈ ವೃತ್ತಿಯಲ್ಲಿರುವವರು ತಿಂಗಳಿಗೊಂದು ದಿನ ಬಂದು, ವಿದ್ಯಾರ್ಥಿಯು ಕೆಡಿಸಿದ ಯಂತ್ರದ ಮುಂದೆ ಅವನ ಜೊತೆಯಲ್ಲಿ ಕುಳಿತು ಕಾರಣ ಹುಡುಕಬೇಕು. ಅಧ್ಯಾಪಕರು ಕೆಡಿಸಿದವನನ್ನು ಗದರದೆ, ಸರಿಪಡಿಸಿದ ಬಗೆಯನ್ನು ಕೇಳಬೇಕು. ಮರಳಿನ ಮೇಲೆ ನಿರ್ಭಯವಾಗಿ ಬರೆದ ಕೈಯೇ ಮುಂದೆ ಓಲೆಯ ಮೇಲೆ ತಪ್ಪಿಲ್ಲದೆ ಬರೆಯಬಲ್ಲುದು.