ಕ್ರ್ಯಾಂಕ್ ಷಾಫ್ಟಿಗೆ ಕಚ್ಚಿಕೊಂಡ ಟೈಮಿಂಗ್ ಗೇರನ್ನು ಬಿಡಿಸುವ ಕ್ರಮ

ಕೊಡಗು, ಚಿಕ್ಕಮಗಳೂರು ಮೊದಲಾದ ಮಲೆನಾಡಿನ ಪ್ರದೇಶಗಳ ತೋಟಗಳಲ್ಲಿ ಹಳೆಯ ವಿಲ್ಲೀಸ್ ಮಾದರಿಯ ಪೆಟ್ರೋಲ್ ಜೀಪುಗಳು ಇಂದಿಗೂ ಅಲ್ಲಲ್ಲಿ ಕಾಣಬರುತ್ತವೆ. ಇವುಗಳ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ದುರಸ್ತು ಮಾಡಿಸುವಾಗ ಮೇಸ್ತ್ರಿಗಳಿಗೆ ತೊಂದರೆ ಕೊಡುವ ಭಾಗವೆಂದರೆ ಕ್ರ್ಯಾಂಕ್ ಷಾಫ್ಟಿನ ಮುಂತುದಿಯಲ್ಲಿ ಬಿಗಿಯಾಗಿ ಕುಳಿತಿರುವ ಟೈಮಿಂಗ್ ಗೇರು. ಅದನ್ನು ಸುತ್ತಿಗೆಯಿಂದ ಹೊಡೆದು ತೆಗೆಯಹೋಗಿ, ಅಲ್ಪ ಬೆಲೆಯ ಗೇರಿಗಾಗಿ ಅಧಿಕ ಬೆಲೆಯ ಷಾಫ್ಟನ್ನೇ ಕೆಡಿಸಿಕೊಳ್ಳುವುದುಂಟು. ಆದಕಾರಣ ವಾಹನದ ಮಾಲಿಕರು ಈ ಕ್ರಮವನ್ನು ತಾವೇ ಅರಿತು, ಮುಂದೆ ನಿಂತು ಕೆಲಸ ಮಾಡಿಸುವುದು ಲೇಸು.

ಈ ಜಾತಿಯ ಎಂಜಿನ್ನುಗಳಲ್ಲಿ ಮೊದಮೊದಲಿನವು ಸರಪಣಿಯುಳ್ಳವು, ಅನಂತರದವು ಗೇರುಳ್ಳವು. ಕ್ರ್ಯಾಂಕ್ ಷಾಫ್ಟಿನ ಗೇರು ಎರಡು ಸುತ್ತು ತಿರುಗಿದಾಗ ಕ್ಯಾಂ ಷಾಫ್ಟಿನ ಗೇರು ಒಂದು ಸುತ್ತು ತಿರುಗಿ ವಾಲ್ವುಗಳನ್ನು ಸಕಾಲದಲ್ಲಿ ತೆರೆಯಿಸುವುದು. ಷಾಫ್ಟು ಹಿಂದೆ ಮುಂದೆ ಆಡುವ ಅಂತರವು 0.004ರಿಂದ 0.006 ಅಂಗುಲದಷ್ಟಿರಬೇಕು. ಇದನ್ನು ಸರಿಪಡಿಸುವ ತೆಳುವಾದ ಬಿಲ್ಲೆಗಳು ಗೇರಿನ ಹಿಂದೆಯೇ ಇರುವುದರಿಂದ ಗೇರನ್ನು ತೆಗೆಯದೆ ದುರಸ್ತು ಪೂರ್ತಿಯಾಗದು.

ಗೇರಿನ ರಂಧ್ರವು ಷಾಫ್ಟಿಗಿಂತ ಕೂದಲೆಳೆಯಷ್ಟು ಕಿರಿದಾಗಿರುವುದೇ ಬಿಗಿತಕ್ಕೆ ಕಾರಣ. ಅರ್ಧಚಂದ್ರಾಕಾರದ ಕೀ ಒಂದು ಅದನ್ನು ಜಾರದಂತೆ ತಡೆದಿರುವುದು. ಬಹುಕಾಲದ ಮೇಲೆ ತುಕ್ಕೂ ಸೇರಿದರೆ ಕಚ್ಚು ಇಮ್ಮಡಿಯಾಗುವುದು. ಹೊಡೆತ ಬಿದ್ದರೆ ಹಲ್ಲು ಮುರಿಯಬಹುದು, ಷಾಫ್ಟಿನ ತುದಿ ಅರಳಬಹುದು, ಬೇರಿಂಗೂ ಕೆಡಬಹುದು. ಬ್ಲಾಕಿಗೆ ಆನಿಸಿ ಮೀಟುಗೋಲಿನಿಂದ ಎಬ್ಬಿಸುವುದೂ ಕೂಡದು.

ಮೊದಲು ಗೇರಿನ ಗುರುತುಗಳನ್ನು ನೋಡಿ ಬರೆದಿಟ್ಟುಕೊಳ್ಳತಕ್ಕದ್ದು. ಸಂದಿಗೆ ಸೀಮೆಎಣ್ಣೆ ಅಥವಾ ತೆಳುವಾದ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ನೆನೆಯಗೊಡಬೇಕು. ಅನಂತರ ಪುಲ್ಲರಿನ ಕಾಲುಗಳನ್ನು ಹಲ್ಲಿನ ತುದಿಗಲ್ಲದೆ ಗೇರಿನ ಗಟ್ಟಿಯಾದ ಒಡಲಿಗೆ ಸಿಕ್ಕಿಸಿ, ಷಾಫ್ಟಿನ ತುದಿಗೆ ಹಿತ್ತಾಳೆಯ ತುಂಡನ್ನಿಟ್ಟು ನಡುವಣ ಬೋಲ್ಟನ್ನು ಬಿಗಿಯಬೇಕು. ಬಿಗಿ ಬಂದ ಮೇಲೆ ಬೋಲ್ಟಿನ ತಲೆಗೆ ಮೆಲ್ಲಗೆ ಒಂದೆರಡು ತಟ್ಟು ತಟ್ಟಬಹುದು.

ಇಷ್ಟಕ್ಕೂ ಕದಲದಿದ್ದರೆ ಶಾಖವೇ ಉಪಾಯ. ಉಕ್ಕು 100 ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಕಾದರೆ 40 ಮಿಲಿಮೀಟರಿನ ರಂಧ್ರವು ಸುಮಾರು 0.05 ಮಿಲಿಮೀಟರ್ ಹಿಗ್ಗುವುದು, ಇಷ್ಟು ಬಹಳವಾಯಿತು. ಸೀಮೆಎಣ್ಣೆಯನ್ನೆಲ್ಲ ಒರೆಸಿ, ಪೆಟ್ರೋಲನ್ನು ದೂರವಿಟ್ಟು, ಪುಲ್ಲರು ಬಿಗಿಯಾಗಿರುವಾಗಲೇ ಜ್ವಾಲೆಯನ್ನು ಗೇರಿನ ಸುತ್ತಲೂ ಬೇಗಬೇಗನೆ ಆಡಿಸಬೇಕು. ಗೇರು ಕಾದು ಷಾಫ್ಟಿನ್ನೂ ತಣ್ಣಗಿರುವಾಗ ಸೆಳೆಯುವುದೇ ಇಲ್ಲಿನ ಮರ್ಮ. ಲೋಹದಲ್ಲಿ ನೀಲಿ ಬಣ್ಣ ಕಂಡರೆ ಶಾಖವು ಮಿತಿಮೀರಿತೆಂದೂ ಗಡಸುತನ ಕೆಟ್ಟಿತೆಂದೂ ತಿಳಿಯಬೇಕು. ಕೆಲವು ಎಂಜಿನ್ನುಗಳಲ್ಲಿ ಕ್ಯಾಂ ಗೇರು ನಾರಿನ ಪದಾರ್ಥದಿಂದಾದುದು. ಅದಕ್ಕೆ ಜ್ವಾಲೆ ತಗಲಕೂಡದು.

ಅದಕ್ಕೂ ಬಾರದಿದ್ದರೆ ಗೇರನ್ನೇ ಬಲಿಕೊಡುವುದು ಜಾಣತನ. ಹೊಸ ಗೇರು ದೊರೆಯುವುದೆಂದು ಮೊದಲೇ ಖಚಿತಪಡಿಸಿಕೊಂಡು, ಕೀ ಇರುವ ಕಡೆ ಹಲ್ಲಿನ ಬುಡದಲ್ಲಿ ಷಾಫ್ಟಿಗೆ ತಗಲದಂತೆ ರಂಧ್ರ ಕೊರೆದು, ಅಲ್ಲಿ ಉಳಿಯಿಂದ ಸೀಳಿದರೆ ಬಿಗಿ ಬಿಡುವುದು. ಈ ಕೆಲಸದಲ್ಲಿ ಕಣ್ಣಿಗೆ ಕನ್ನಡಕವಿರಲೇಬೇಕು.

ಮರಳಿ ಜೋಡಿಸುವಾಗಲೂ ಹೊಡೆಯದೆ, ಗೇರನ್ನು ಎಣ್ಣೆಯಲ್ಲಿ ಕಾಯಿಸಿ ತೊಡಿಸಬೇಕು. ಗುರುತಿಗೆ ಗುರುತು ಕೂಡಿರಲಿ. ಒಂದು ಹಲ್ಲು ತಪ್ಪಿದರೂ ಎಂಜಿನ್ನು ಬಲಗುಂದುವುದು. ವಾಲ್ವುಗಳು ಪಿಸ್ಟನ್ನಿನ ಮೇಲಿರುವ ಟ್ರಾಕ್ಟರ್ ಮೊದಲಾದವುಗಳಲ್ಲಂತೂ ವಾಲ್ವು ಪಿಸ್ಟನ್ನಿಗೆ ತಗಲಿ ಮುರಿಯಬಹುದು. ಆದುದರಿಂದ ಚಾಲೂ ಮಾಡುವ ಮುನ್ನ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ನೋಡತಕ್ಕದ್ದು. ಒಂದು ದಿನದ ತಾಳ್ಮೆಯು ಷಾಫ್ಟನ್ನು ಉಳಿಸುವುದು.